ಮಹಾರಾಜರು ಉಂಡ ಹೀರೇಕಾಯಿ

ನಮ್ಮ ಮನೆಯ ಹಿಂದೆ ಒಂದು ಮಗ್ಗದ ಶೆಡ್ ಇದೆ. ಇಚಲಕರಂಜಿಯಲ್ಲಿ ಯಾರ ಮನೆಯ ಹಿಂದೆ ಮಗ್ಗದ ಶೆಡ್ ಇಲ್ಲ ಎಂದು ನೀವು ಕೇಳಬಹುದು, ಕೇಳಿ, ತಪ್ಪೇನಿಲ್ಲ. ಈ ಊರಿನಲ್ಲಿ ಮಗ್ಗ ಸದ್ದು ಮಾಡುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. ಆ ಶೆಡ್ಡಿನ ತಗಡಿನ ಮೇಲೆ ಈ ಮಳೆಗಾಲ ಒಂದು ಹೀರೇಬಳ್ಳಿ ಹಬ್ಬಿದೆ. ಮಗ್ಗ ನಡೆಸಲು ವಿಜಾಪುರದ ಕಡೆಯಿಂದ ಬಂದ ಸಂಸಾರವೊಂದು ಅಲ್ಲೇ ಮೂಲೆಯಲ್ಲಿದೆ, ಅವರು ಹಾಕಿದ ಬಳ್ಳಿ. ಹೀರೆಯ ಹೂ ಬೇರೆ ಹೂಗಳ ಹಾಗೆ ಬೆಳಗ್ಗೆ ಅರಳುವುದಿಲ್ಲ. ಹೊತ್ತು ಇಳಿದು ದನ ಮನೆಗೆ ತಿರುಗುವಾಗ ಅರಳುತ್ತದೆ. ಅದರದು ಸುವಾಸನೆ ಎಂದು ಹೊಗಳುವಂಥದ್ದೇನಲ್ಲ, ಎಳೆಸೌತೆಯನ್ನು ಆಗ ತಾನೆ ಮುರಿದಂಥ ಹಸಿ ವಾಸನೆ. ನಿನ್ನೆ ಸಂಜೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಾಗ ಅದು ಮೂಗಿಗೆ ಬಂತು. ಬಂದದ್ದೇ ತಡ, ನನ್ನ ಮುಖ ಬಿಸಿಯಾಯಿತು. ಎಪ್ಪತ್ತು ದಾಟಿದ ಹೆಂಗಸು ಹಿತ್ತಲಲ್ಲಿ ಒಬ್ಬಳೇ ನಿಂತು, ಕೈಯಲ್ಲಿ ಮಗನ ಧೋತರ ಹಿಡಿದುಕೊಂಡು, ಐವತ್ತು ವರ್ಷದ ಹಿಂದಿನ ನಾಚಿಕೆಗೆ ಕೆಂಪಾಗುವುದೆಂದರೆ ನೀವು ನಗುತ್ತೀರಿ. ನಗಿ. ಕತೆ ಕೇಳಿ ನಗಿ.

ಹೀರೇಕಾಯಿ ಬಡಪಾಯಿ. ಬದನೆಕಾಯಿಗೆ ಇರುವ ಮರ್ಯಾದೆ ಅದಕ್ಕಿಲ್ಲ. ಮದುವೆಯ ಪಂಕ್ತಿಯಲ್ಲಿ ಅದನ್ನು ಬಡಿಸಿದ್ದನ್ನು ನಾನು ಕಂಡಿಲ್ಲ. ಬಡಿಸಿದರೆ ಬೀಗರು ಎದ್ದು ಹೋದಾರು. ಆದರೆ ನಾವು ಜೈನರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ಎಂದು ನೆಲದೊಳಗೆ ಬೆಳೆಯುವುದನ್ನೆಲ್ಲ ಬಿಟ್ಟವರು. ಮಳೆಗಾಲದಲ್ಲಿ ಸೊಪ್ಪನ್ನೂ ಬಿಡುತ್ತೇವೆ, ಅದರಲ್ಲಿ ಹುಳ ಹೆಚ್ಚೆಂದು. ಇನ್ನುಳಿದದ್ದು ಬಳ್ಳಿಯ ಮೇಲೆ ತೂಗುವ ಕಾಯಿಗಳು. ಅದರಲ್ಲೂ ಹೀರೇಕಾಯಿ ಎಂದರೆ ಒಂದೇ ಕಾಯಿಯಲ್ಲಿ ಎರಡು ಅಡುಗೆ. ತಿರುಳಿನ ಪಲ್ಯ, ಹೆರೆದು ತೆಗೆದ ಗೀರಿನ ಸಿಪ್ಪೆಯನ್ನು ಎಳ್ಳಿನ ಜೊತೆ ಹುರಿದು ಕುಟ್ಟಿದರೆ ಚಟ್ನಿ. ಅದಕ್ಕೆ ಇರುವುದು ಒಂದೇ ದುರ್ಗುಣ. ಕೆಲವೊಮ್ಮೆ ಕಹಿ ಬರುತ್ತದೆ, ಸಾಧಾರಣ ಕಹಿಯಲ್ಲ, ಗಂಟಲಿಗೆ ಇಳಿದು ಅಲ್ಲೇ ಮನೆ ಕಟ್ಟಿಕೊಳ್ಳುವ ಕಹಿ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಇದು ಯಾವ ಹುಡುಗಿಗೂ ಯಾರೂ ಕಲಿಸುವುದಿಲ್ಲ, ತಾನಾಗಿಯೇ ಬರುತ್ತದೆ.

ನಾನು ಗಡಹಿಂಗ್ಲಜದ ಮಗಳು, ದಾನೋಳಿಯ ಸೊಸೆ. ಯುದ್ಧ ನಡೆದಿದ್ದ ಕಾಲದಲ್ಲಿ ನನ್ನ ಮದುವೆ ಆಯಿತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ. ನಮಗೇನು ಅದರ ಚಿಂತೆ ಇರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣುವವರಿಗೆ ದೀಪವೇಕೆ, ಗಾಣದ ಬೆಲ್ಲ ಇದ್ದವರಿಗೆ ಸಕ್ಕರೆ ಏಕೆ. ದಾನೋಳಿಯ ಆ ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ, ನಮ್ಮ ಅತ್ತೆ ಅಕ್ಕಾತಾಯಿ. ಅತ್ತೆಯ ತವರು ಮುರಗೂಡ. ಮಾತು ಮೆಣಸಿನಕಾಯಿ. "ಗಡಹಿಂಗ್ಲಜದಾಗ ಮೆಣಸಿನಕಾಯಿ ಪ್ಯಾಟಿ ಐತಿ, ಖಾರ ಮಾತ್ರ ನಮ್ಮ ಮುರಗೂಡದ್ದ" ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಆ ಕೈಯ ಅಡುಗೆ! ಊರಲ್ಲಿ ಯಾರ ಮನೆಯಲ್ಲಿ ಮಹಾರಾಜರಿಗೆ ಅಡುಗೆ ಮಾಡುವುದಿದ್ದರೂ ಅಕ್ಕಾತಾಯಿಗೆ ಕರೆ ಬರುತ್ತಿತ್ತು.

ಮಹಾರಾಜರೆಂದರೆ ಕೊಲ್ಹಾಪುರದ ಅರಮನೆಯವರಲ್ಲ. ನಮ್ಮ ಕಡೆ ದಿಗಂಬರ ಮುನಿಗಳನ್ನು ಹಾಗೆ ಕರೆಯುತ್ತಾರೆ. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಜೋಡಿಸಿದ ಅಂಗೈಯಲ್ಲೇ ಉಣ್ಣುತ್ತಾರೆ. ನೀರೂ ಆಗಲೇ. ಅದು ತಪ್ಪಿತೋ, ಮರುದಿನದವರೆಗೆ ಹನಿ ನೀರಿಲ್ಲ. ಅವರಿಗೆ ಕೊಡುವ ಅಡುಗೆಯನ್ನು ಮಡಿಯಲ್ಲಿ ಮಾಡಬೇಕು, ನೀರು ಸೋಸಬೇಕು, ಹಿಟ್ಟು ಅಂದೇ ಬೀಸಿದ್ದಾಗಬೇಕು. ಎಲ್ಲಕ್ಕಿಂತ ಕಠಿಣವಾದದ್ದು, ಯಾರೂ ರುಚಿ ನೋಡಕೂಡದು. ನಾಲಿಗೆಗೆ ಮುಟ್ಟಿಸಿದರೆ ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ, ಬೇಳೆ ಬೆಂದಿದೆಯೋ ಇಲ್ಲವೋ, ಎಲ್ಲ ಕೈಯಳತೆ, ಕಣ್ಣಳತೆ. ಹತ್ತು ಮಂದಿ ಹೆಂಗಸರು ಹೆದರಿ ಹಿಂದೆ ಸರಿಯುವ ಆ ಒಲೆಯ ಮುಂದೆ ನಮ್ಮ ಅತ್ತೆ ರಾಣಿಯ ಹಾಗೆ ಕೂಡುತ್ತಿದ್ದಳು. "ನಾಲಗಿ ಇಲ್ಲದಾಕಿ ಅಡಗಿ ಮಾಡಬೇಕ, ಅದಕ್ಕ ಅಡಗಿ ಅಂತಾರ" ಎನ್ನುವುದು ಅವಳ ಮಾತು. ನಾಲಿಗೆ ಇಲ್ಲದಾಕೆ! ಇಡೀ ಓಣಿಗೆ ನಗು ಬರುತ್ತಿತ್ತು.

ಆ ವರ್ಷ ಒಬ್ಬ ವಯಸ್ಸಾದ ಮಹಾರಾಜರು ಮಳೆಗಾಲದ ನಾಲ್ಕು ತಿಂಗಳು ನಮ್ಮ ಬಸದಿಯಲ್ಲಿ ನಿಂತರು. ಬೆಳಗಾವಿ ಕಡೆಯವರು, ಎಲುಬಿನ ಮೇಲೆ ಚರ್ಮ ಹೊದಿಸಿದಂತೆ ತೆಳ್ಳಗೆ. ಅವರಿಗೆ ಒಂದು ಪದ್ಧತಿ ಇತ್ತು. ಆಹಾರಕ್ಕೆ ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುವರು. ಬಾಗಿಲಲ್ಲಿ ನಿಂತವರ ಕೈಯಲ್ಲಿ ಇಂಥದ್ದು ಕಂಡರೆ ಮಾತ್ರ ಆ ಮನೆಗೆ. ಕಾಣದಿದ್ದರೆ ಓಣಿಯೆಲ್ಲ ತಿರುಗಿ ಉಪವಾಸವೇ ವಾಪಸು. ಗುರುತು ಏನೆಂದು ಯಾರಿಗೂ ಹೇಳುವುದಿಲ್ಲ. ಇದು ಎಲ್ಲ ಮಹಾರಾಜರೂ ಕೆಲವೊಮ್ಮೆ ಮಾಡುವ ತಪಸ್ಸು. ಆದರೆ ಇವರು ಆ ವಾರ ಹಿಡಿದ ಗುರುತು ಸಿಗಲೇ ಇಲ್ಲ. ಒಂದು ದಿನ ಹೋಯಿತು, ಇನ್ನೊಂದು ಹೋಯಿತು. ಊರು ಹುಚ್ಚೆದ್ದಿತು. ತೆಂಗಿನಕಾಯಿ ಹಿಡಿದು ನಿಂತರು, ನಿಂಬೆಹಣ್ಣು ಹಿಡಿದರು, ಕಬ್ಬು ಹಿಡಿದರು. ಒಬ್ಬರು ಕರುವನ್ನೇ ಎತ್ತಿಕೊಂಡು ನಿಂತರು. ಮಹಾರಾಜರು ಆಹಾರಕ್ಕೆ ಹೊರಟ ಮುದ್ರೆಯಲ್ಲಿ ಬಲಗೈ ಹೆಗಲಿಗೆ ಮುಟ್ಟಿಸಿಕೊಂಡು, ನೆಲ ನೋಡುತ್ತ, ಎಲ್ಲರನ್ನೂ ದಾಟಿ ಹೋದರು.

ಮೂರನೆಯ ದಿನ ಬೆಳಗ್ಗೆ ನಮ್ಮ ಮನೆಯಲ್ಲೂ ಅಡುಗೆ ತಯಾರಾಗಿತ್ತು. ಗಂಡನ ಕೈಯಲ್ಲಿ ತೆಂಗಿನಕಾಯಿ, ನನ್ನ ಕೈಯಲ್ಲಿ ಕಲಶ. ಹೊರಗೆ "ಬಂದ್ರು, ಬಂದ್ರು" ಎಂದು ಕೂಗಿದ್ದೇ ಅತ್ತೆ ಒಳಗಿನಿಂದ ಓಡಿ ಬಂದಳು. ಪಲ್ಯಕ್ಕೆ ಹೆಚ್ಚಿ ಮಿಕ್ಕಿದ್ದ ಒಂದು ಹೀರೇಕಾಯಿಯನ್ನು ಎತ್ತಿಡಲು ಹೊರಟವಳು ಅದನ್ನು ಕೈಯಲ್ಲೇ ಹಿಡಿದು ಬಂದು ನಿಂತಿದ್ದಳು, ಆಕೆಗೇ ಎಚ್ಚರವಿರಲಿಲ್ಲ. "ಅತ್ತಿ, ಕೈಯಾಗ..." ಎಂದು ನಾನು ಪಿಸುಗುಟ್ಟಿದೆ. ಅಷ್ಟರಲ್ಲಿ ಮಹಾರಾಜರು ನಮ್ಮ ಮುಂದೆ ನಿಂತರು. ದಾಟಿ ಹೋಗಲಿಲ್ಲ, ನಿಂತರು.

ಆ ಹೊತ್ತಿನ ಸಂತೋಷವನ್ನು ಹೇಗೆ ಹೇಳಲಿ. ಸುತ್ತು ಬಂದೆವು, ನಮಸ್ಕರಿಸಿದೆವು, ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಆಹಾರ ನೀರು ಶುದ್ಧ ಎಂದು ವಾಡಿಕೆಯ ಮಾತು ಹೇಳಿದೆವು. ಅತ್ತೆಯ ದನಿ ಎಲ್ಲರಿಗಿಂತ ಮೇಲಿತ್ತು. ಪಾದ ತೊಳೆದೆವು. ಮಹಾರಾಜರು ನಿಂತು ಅಂಗೈ ಜೋಡಿಸಿದರು. ಅತ್ತೆ ಒಂದೊಂದೇ ತುತ್ತು ಇಡತೊಡಗಿದಳು. ಅನ್ನ, ತೊವ್ವೆ, ರೊಟ್ಟಿಯ ಚೂರು, ಹೀರೇಕಾಯಿ ಪಲ್ಯ. ಹೀರೇಕಾಯಿಯೇ ಅವರನ್ನು ಕರೆತಂದದ್ದೆಂದು ನಮಗೆಲ್ಲ ಖಾತ್ರಿಯಾಗಿತ್ತು. ಹಾಗಾಗಿ ಅತ್ತೆ ಅದನ್ನೇ ಮತ್ತೆ ಮತ್ತೆ ಇಟ್ಟಳು. ಮಹಾರಾಜರ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಬೇಡವಾದರೆ ಬೆರಳು ಮಡಚುತ್ತಾರೆ, ಮಡಚಲಿಲ್ಲ. ನೀರು ಕುಡಿದು, ಕೈ ತೊಳೆದು, ಹರಸಿ ಹೊರಟರು. ಅವರ ಹಿಂದೆ ಬಂದ ಜನ, ಬಾಗಿಲಲ್ಲಿ ಕೂಡಿದ ಓಣಿ, ಎಲ್ಲರೂ ನಮ್ಮ ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ.

ಮಹಾರಾಜರು ಉಂಡು ಉಳಿದ ಅಡುಗೆಗೆ ಪ್ರಸಾದದ ಬೆಲೆ. ಓಣಿಯವರನ್ನೆಲ್ಲ ಕೂಡಿಸಿ ಬಡಿಸಿದೆವು. ಮೊದಲು ಗಂಡಸರು, ಆಮೇಲೆ ಹೆಂಗಸರು. ನಾನು ಎದುರು ಮನೆಯ ಸೋನಾಬಾಯಿಯ ಪಕ್ಕ ಕೂತೆ. ಪಲ್ಯದ ಮೊದಲ ತುತ್ತು ಬಾಯಿಗೆ ಇಟ್ಟೆ. ದೇವರೇ! ಬೇವಿನ ಸೊಪ್ಪನ್ನು ಅರೆದು ಗಂಟಲಿಗೆ ಸುರಿದಂತಾಯಿತು. ಉಗುಳುವುದೆಲ್ಲಿ? ಪ್ರಸಾದ. ಕಣ್ಣಲ್ಲಿ ನೀರು ತುಂಬಿತು. ಅತ್ತಿತ್ತ ನೋಡಿದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದಾರೆ, ಯಾರೂ ಏನೂ ಅನ್ನುತ್ತಿಲ್ಲ. ಸೋನಾಬಾಯಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಾಳೆ, ಭಕ್ತಿಯಿಂದ ಎಂದುಕೊಂಡೆ.

ಆಗ ನನಗೆ ಹೊಳೆದದ್ದನ್ನು ಕೇಳಿ. ಮಹಾರಾಜರು ಇದನ್ನೇ ಅಷ್ಟು ಶಾಂತವಾಗಿ ಉಂಡರು. ಇಷ್ಟು ಜನ ಉಣ್ಣುತ್ತಿದ್ದಾರೆ. ಕಹಿ ನನಗೊಬ್ಬಳಿಗೇ ಆಗಿದೆ. ಅಂದರೆ ಕಹಿ ಪಲ್ಯದಲ್ಲಿಲ್ಲ, ನನ್ನ ಬಾಯಲ್ಲಿದೆ. ನನ್ನ ಪಾಪ ನನ್ನ ನಾಲಿಗೆಗೆ ಬಂದಿದೆ! ಯಾವ ಪಾಪ ಎಂದು ಹುಡುಕಿದೆ, ಸಿಕ್ಕಿತು. ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತಾಗ ನಾನು ಅವರ ಪಾದ ನೋಡುವುದನ್ನು ಬಿಟ್ಟು ಎದುರು ಮನೆಯ ಸೋನಾಬಾಯಿಯ ಮುಖ ನೋಡಿದ್ದೆ, ಆಕೆಗೆ ಹೊಟ್ಟೆ ಉರಿಯುತ್ತಿದೆಯೋ ಇಲ್ಲವೋ ಎಂದು. ಇನ್ನೇನು ಬೇಕು. ನಾಚಿಕೆಯಿಂದ ಎಲೆಯಲ್ಲಿದ್ದುದನ್ನೆಲ್ಲ ನುಂಗಿದೆ. ಅತ್ತೆ ಬಂದು "ಇನ್ನಟ ಹಾಕಲೇನ?" ಎಂದಾಗ "ಹಾಕ್ರಿ" ಎಂದೆ. ಪ್ರಾಯಶ್ಚಿತ್ತಕ್ಕೆ ಅದಕ್ಕಿಂತ ಸುಲಭದ ದಾರಿ ತೋಚಲಿಲ್ಲ.

ಅತ್ತೆ ಉಣ್ಣಲಿಲ್ಲ. ಸಂಭ್ರಮಕ್ಕೆ ಹಸಿವಾಗುವುದಿಲ್ಲ. ಮಧ್ಯಾಹ್ನವೆಲ್ಲ ಓಣಿಯ ಮನೆ ಮನೆಗೂ ಹೋಗಿ ಬಂದಳು. "ಹೀರೀಕಾಯಿ ಪಲ್ಯ ಎಷ್ಟ ಇಟ್ಟರೂ ಬ್ಯಾಡ ಅನ್ನಲಿಲ್ಲ ನೋಡ ಮಹಾರಾಜ್ರು. ನಮ್ಮ ಹಿತ್ತಲದ್ದ ಬಳ್ಳಿ. ಬೀಜ ನನ್ನ ತವರುಮನಿದ್ದು." ಕೇಳಿದವರೆಲ್ಲ ಹೌದು ಹೌದು ಎಂದರು. "ಭಾಳ ಚಲೋ ಆಗಿತ್ತ ಅಕ್ಕಾತಾಯಿ" ಎಂದರು. ಆಕೆ ಮನೆಗೆ ಬಂದದ್ದು ಹೊತ್ತು ಇಳಿಯುವಾಗ. ಇನ್ನು ತಡಮಾಡಿದರೆ ಉಣ್ಣುವ ಹಾಗಿಲ್ಲವೆಂದು ತಾಟು ಹಾಕಿಕೊಂಡು ಕೂತಳು. ನಾನು ಬಡಿಸಿದೆ.

ಮೊದಲ ತುತ್ತಿಗೆ ಅವಳ ದವಡೆ ನಿಂತಿತು. ಪಾಪ ಗೀಪ ಯಾವುದೂ ಅವಳ ತಲೆಗೆ ಬರಲಿಲ್ಲ. ಅಡುಗೆಯವಳಲ್ಲವೇ. ಪಾತ್ರೆಯನ್ನು ಎಳೆದುಕೊಂಡು ಮೂಸಿದಳು, ಇನ್ನೊಂದು ಚೂರು ನಾಲಿಗೆಗೆ ಮುಟ್ಟಿಸಿದಳು.

"ಇದು ಕಹಿ ಹೀರೀಕಾಯಿ" ಎಂದಳು. ಆಮೇಲೆ ನನ್ನನ್ನು ನೋಡಿದಳು. "ನೀ ಉಂಡಿಯಲ್ಲ?"

"ಉಂಡ್ನಿರಿ."

"ಗೊತ್ತಾಗಲಿಲ್ಲೇನ?"

"ಆತ್ರಿ. ನನ್ನ ಬಾಯಿಗೇ ಹಂಗಾಗೇತಿ ಅಂದ್ಕೊಂಡ್ನಿ."

"ಇನ್ನಟ ಹಾಕ್ರಿ ಅಂದಿ!"

ಅತ್ತೆ ಕೈ ತೊಳೆದು ಎದ್ದಳು. ಮಧ್ಯಾಹ್ನ ತಿರುಗಿದ ಮನೆಗಳಿಗೇ ಮತ್ತೆ ಹೊರಟಳು. ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ, ನಾನು ಹಿಂದೆ ಓಡಿದೆ. ಮೊದಲು ಸೋನಾಬಾಯಿ.

"ಖರೇ ಹೇಳ ಸೋನಾಬಾಯಿ. ಪಲ್ಯ ಹೆಂಗಾಗಿತ್ತ?"

ಸೋನಾಬಾಯಿ ಮೀರಜದ ಕಡೆಯವಳು, ಗಾಬರಿಯಾದರೆ ಮರಾಠಿ ಬರುತ್ತಿತ್ತು. "ಕಡೂ ಹೋತ ಗ, ಫಾರ ಕಡೂ", ಕಹಿ, ಭಾಳ ಕಹಿ ಎಂದು ಅಳುವುದಕ್ಕೇ ಶುರು ಮಾಡಿದಳು. "ಮುಂಜಾನೆ ಮಹಾರಾಜ್ರು ನಮ್ಮ ಬಾಗಲಾ ಬಿಟ್ಟ ನಿಮ್ಮ ಬಾಗಲದಾಗ ನಿಂತ್ರಲ್ಲ, ನಾ ನಿನ್ನ ಮನಸಿನಾಗ ಬೈದ್ನಿ. ಅದಕ್ಕ ನನ್ನ ಬಾಯಿ ಕಹಿ ಆತು ಅಂತ ತಿಳ್ಕೊಂಡ್ನಿ. ಹೆಂಗ ಹೇಳ್ಲಿ?"

ಪ್ರತಿ ಮನೆಯಲ್ಲೂ ಹೀಗೆಯೇ. ಒಬ್ಬಾಕೆ ತನ್ನ ಅತ್ತೆಗೆ ತಿಳಿಯದಂತೆ ತುಪ್ಪ ತಿಂದಿದ್ದಳಂತೆ. ನನ್ನ ಗಂಡ ಹೊಲದಲ್ಲಿ ಕದ್ದು ತಂಬಾಕು ಹಾಕಿಕೊಳ್ಳುವ ವಿಷಯ ಆ ಸಂಜೆಯೇ ನನಗೆ ತಿಳಿದದ್ದು. ಮೂಲೆಯ ಅಂಗಡಿಯ ಹಿರಿಯರು ಮಾತ್ರ ಏನೂ ಹೇಳಲಿಲ್ಲ, ತಕ್ಕಡಿಯ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಇಡೀ ಓಣಿ ಒಂದು ಪಾತ್ರೆ ಕಹಿ ಪಲ್ಯವನ್ನು ತನ್ನ ತನ್ನ ಪಾಪವೆಂದು ನುಂಗಿ ನಾಚಿಕೆಪಟ್ಟು ಮಲಗಲು ಹೊರಟಿತ್ತು. ಈಗ ಹೇಳುವಾಗ ನನಗೂ ನಗು ಬರುತ್ತದೆ. ಅಂದು ಬರಲಿಲ್ಲ. ಕೊನೆಯ ಮನೆಯ ಕಟ್ಟೆಯ ಮೇಲೆ ಅತ್ತೆ ಕುಸಿದು ಕೂತಳು. "ಮಹಾರಾಜ್ರು" ಎಂದಳು. "ಮಹಾರಾಜ್ರ ಹೊಟ್ಟ್ಯಾಗ ಎಷ್ಟ ಹೋಗೇತಿ, ಯವ್ವಾ."

ಅದೇ ಹೆದರಿಕೆ ನನಗೂ ಇತ್ತು. ಎರಡು ದಿನ ಉಪವಾಸವಿದ್ದ ಮುದಿ ದೇಹ. ಮರುದಿನದವರೆಗೆ ನೀರೂ ಇಲ್ಲ. ನನ್ನ ಗಂಡ ಬಸದಿಗೆ ಓಡಿ ಹೋಗಿ ಬಂದರು. "ವಾಂತಿ ಆಗೇತಿ ಅಂತ. ಎರಡ ಸಲ. ಈಗ ಮಲಗ್ಯಾರ" ಎಂದರು. ಆ ಹೊತ್ತಿನಿಂದ ಅತ್ತೆಯೂ ನೀರು ಮುಟ್ಟಲಿಲ್ಲ.

ಕಹಿ ಎಲ್ಲಿಂದ ಬಂತು? ಅತ್ತೆ ಅಜಾಗರೂಕಳಲ್ಲ. ಮಡಿಯಡುಗೆಯಲ್ಲಿ ರುಚಿ ನೋಡುವಂತಿಲ್ಲವೆಂದೇ ಹಿಂದಿನ ದಿನ ಅದೇ ಬಳ್ಳಿಯ ಕಾಯಿ ಕೊಯ್ದು ನೋಡಿದ್ದಳು, ಸಿಹಿ ಇತ್ತು. ಬೆಳಗಾದ ಮೇಲೆ ನನ್ನ ಗಂಡ ಹಿತ್ತಲ ಚಪ್ಪರದ ಮೇಲಿನ ಬಳ್ಳಿಯನ್ನು ತುದಿಯಿಂದ ಬುಡದವರೆಗೆ ಕೈಯಾಡಿಸುತ್ತ ಹೋದರು. ಬುಡ ಒಂದಲ್ಲ, ಎರಡಿತ್ತು. ಒಂದು ಅತ್ತೆ ಊರಿದ್ದು. ಇನ್ನೊಂದು ಗೋಡೆಯಾಚೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ತಾನಾಗಿ ಹುಟ್ಟಿ, ಗೋಡೆ ಹತ್ತಿ ಬಂದು, ಚಪ್ಪರದ ಮೇಲೆ ಇದರ ಜೊತೆ ಹೆಣೆದುಕೊಂಡಿತ್ತು. ಅತ್ತೆ ನೋಡಿದ್ದು ಒಂದರ ರುಚಿ, ಬೇಯಿಸಿದ್ದು ಇನ್ನೊಂದರದು. ಆಕೆ ಬಂದು ಆ ಕಹಿ ಬಳ್ಳಿಯನ್ನು ಹಿಡಿದು ಜಗ್ಗಿದಳು. ಹೆಣೆದುಕೊಂಡದ್ದು, ಸಿಹಿಬಳ್ಳಿಯೂ ಅರ್ಧ ಕಿತ್ತು ಬಂತು.

ಆ ದಿನ ಬೆಳಗ್ಗೆಯ ನೋಟ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕಹಿಯ ಸುದ್ದಿ ನಮ್ಮ ಓಣಿ ದಾಟಿರಲಿಲ್ಲ. ಹೀರೇಕಾಯಿಗೆ ಮಹಾರಾಜರು ನಿಂತರೆಂಬ ಸುದ್ದಿ ಮಾತ್ರ ಊರೆಲ್ಲ ಹಬ್ಬಿತ್ತು. ಊರಲ್ಲಿ ಒಂದು ಬಳ್ಳಿಯ ಮೇಲೂ ಕಾಯಿ ಉಳಿಯಲಿಲ್ಲ. ಮಹಾರಾಜರು ಆಹಾರಕ್ಕೆ ಹೊರಟಾಗ ಪ್ರತಿ ಬಾಗಿಲಲ್ಲೂ ಜರತಾರಿ ಸೀರೆ, ಕೈಯಲ್ಲಿ ಹೀರೇಕಾಯಿ. ಉದ್ದದ್ದು, ಗಿಡ್ಡದ್ದು, ಡೊಂಕು, ಬಲಿತು ನಾರಾದದ್ದೂ. ಮಹಾರಾಜರು ಗೋಡೆ ಹಿಡಿಯದೆ ನಡೆಯುವುದೇ ಕಷ್ಟವೆನ್ನುವಂತೆ ನಿಧಾನ ಬಂದರು. ಒಂದೊಂದೇ ಹೀರೇಕಾಯಿಯನ್ನು ದಾಟಿದರು. ನಮ್ಮ ಬಾಗಿಲನ್ನು ಅತ್ತೆ ಮುಚ್ಚಿಸಿದ್ದಳು. ನಾನು ಸಂದಿಯಿಂದ ನೋಡಿದೆ. ಯಾವ ಮನೆಗೂ ನಿಲ್ಲದೆ ವಾಪಸು ಹೋದರು. ನೀರಿಲ್ಲದ ಇನ್ನೊಂದು ದಿನ. ಅಷ್ಟರಲ್ಲಿ ಕಹಿಯ ಸುದ್ದಿಯೂ ಊರು ಮುಟ್ಟಿತು. "ಅಕ್ಕಾತಾಯಿ ಕಹಿ ಉಣಿಸ್ಯಾಳ, ಅದಕ್ಕ ಮಹಾರಾಜ್ರು ಊಟಾನ ಬಿಟ್ಟಾರ" ಎಂದು ಬಾವಿಯ ಕಟ್ಟೆಯಲ್ಲಿ ಅಂದರು. ನನ್ನ ಕೊಡ ಕಂಡು ಮಾತು ನಿಲ್ಲಿಸಿದರು. ನಿನ್ನೆ ಕಾಲಿಗೆ ಬೀಳಲು ಬಂದವರೇ. ನಾನು ಕೊಡ ತುಂಬಿಸದೆ ಹಾಗೇ ಬಂದೆ.

ಸಂಜೆಗೆ ಅತ್ತೆ ನನ್ನನ್ನು ಕರೆದುಕೊಂಡು ಬಸದಿಗೆ ಹೋದಳು. ಹತ್ತಾರು ಜನ ಕೂತಿದ್ದರು. ಮಹಾರಾಜರು ಗೋಡೆಗೆ ಒರಗಿದ್ದರು, ತುಟಿ ಒಡೆದಿತ್ತು. ಅತ್ತೆ ನೆಲಕ್ಕೆ ಹಣೆ ಹಚ್ಚಿದಳು.

"ಪ್ರಾಯಶ್ಚಿತ್ತ ಕೊಡ್ರಿ ಮಹಾರಾಜ್. ಹುಟ್ಟಿದಾರಭ್ಯ ಹೀರೀಕಾಯಿ ಬಿಡ ಅಂದ್ರ ಬಿಡ್ತೇನಿ. ಒಲಿ ಮುಂದ ಕೂಡಬ್ಯಾಡ ಅಂದ್ರ ಕೂಡೂದಿಲ್ಲ."

ಸಾಯುವ ತನಕ ಎನ್ನುವ ಬದಲು ಹುಟ್ಟಿದಾರಭ್ಯ ಎಂದದ್ದಕ್ಕೆ ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು. ಮಹಾರಾಜರು ಗೋಡೆ ಬಿಟ್ಟು ನೆಟ್ಟಗೆ ಕೂತರು. ಆಮೇಲೆ ದನಿ ಬಂತು.

"ನಿನಗಲ್ಲ ತಾಯಿ, ಪ್ರಾಯಶ್ಚಿತ್ತ ನನಗ ಆಗಬೇಕು. ಇವತ್ತ ಊಟಾ ಬಿಟ್ಟಿದ್ದು ನಿನ್ನ ಮ್ಯಾಲಿನ ಸಿಟ್ಟಿಗೆ ಅಲ್ಲ, ಗುರುತ ಬ್ಯಾರೆ ಇತ್ತು, ಸಿಗಲಿಲ್ಲ, ಅಷ್ಟ. ಆದರ ನಿನ್ನೆದು ಕೇಳ. ಮೊದಲನೇ ತುತ್ತಿಗೇ ನನಗ ಗೊತ್ತಾತು. ಕೈ ಮಡಚಬಹುದಿತ್ತು. ಮಡಚಲಿಲ್ಲ. ಕಹಿ-ಸಿಹಿ ಎರಡೂ ನನಗ ಒಂದ ಅಂತ ಒಳಗ ಒಂದ ಹೆಮ್ಮಿ ಬಂತು. ಸುತ್ತ ಮಂದಿ ನಿಂತಿದ್ರು. ಕೈ ಚಾಚಿದ್ನಿ, ಇನ್ನಟ ಚಾಚಿದ್ನಿ. ನಾ ಕೈ ಮಡಚಿದ್ರ ನೀವ್ಯಾರೂ ಅದನ್ನ ಉಣ್ಣತಿರಲಿಲ್ಲ. ಭಾಳ ನಾಚಿಕಿ ಆಗೇತಿ ನನಗ."

ಮುನಿಗಳು ನಾಚಿಕೆ ಎಂಬ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಅಲ್ಲೇ ಕಣ್ಣೀರು ಸುರಿಸಿ, ಧನ್ಯಳಾದೆ ಎಂದು ಎದ್ದು ಬರುತ್ತಿದ್ದರು. ನಮ್ಮ ಅತ್ತೆ ತಲೆ ಎತ್ತಿದಳು. ಆ ಮುಖ ನನಗೆ ಗೊತ್ತು. ಮಜ್ಜಿಗೆಯಲ್ಲಿ ನೊಣ ಬಿದ್ದಾಗಿನ ಮುಖ.

"ಹಂಗಂದ್ರ ಹೆಂಗ್ರಿ ಮಹಾರಾಜ್" ಎಂದಳು. "ನಿಮಗ ಗೊತ್ತಿತ್ತು, ನೀವು ಸುಮ್ಮನಿದ್ರಿ. ಓಣಿ ಮಂದಿಗೆ ಗೊತ್ತಿತ್ತು, ಅವರೂ ಸುಮ್ಮನಿದ್ರು. ಮನ್ಯಾನ ಸೊಸಿ, ನನ್ನ ಜೋಡಿ ದಿನಾ ಒಂದ ಒಲಿ ಮುಂದ ಕೂಡೂವಾಕಿ, ಅಕೀನೂ ಸುಮ್ಮನಿದ್ಲು. ಎಲ್ಲಾರೂ ನುಂಗಿ ದೊಡ್ಡವರಾದ್ರಿ. ನಾ ಒಬ್ಬಾಕಿ ಮನಿ ಮನಿ ತಿರಿಗಿ ಜಂಬ ಕೊಚ್ಚಿಕೊಂಡ ಸಣ್ಣಾಕಿ ಆದ್ನಿ. ಒಂದ ಮಾತು, ಒಂದ ಬೆರಳ ಮಡಚಿದ್ರ ಸಾಕಾಗಿತ್ತಲ್ರಿ?"

ಜನ "ಏ, ಏ" ಎಂದರು. ಯಾರೋ ಅವಳ ಸೆರಗು ಜಗ್ಗಿದರು. ಮಹಾರಾಜರು ಕೈಯೆತ್ತಿ ಸುಮ್ಮನಿರಿಸಿದರು. "ಸಾಕಾಗಿತ್ತು ತಾಯಿ" ಎಂದರು. ಅಷ್ಟೇ. ಪ್ರಾಯಶ್ಚಿತ್ತ ಕೊಡಲಿಲ್ಲ.

ಮರುದಿನ ಊರ ಆಚೆ ತುದಿಯ ಒಂದು ಸಣ್ಣ ಮನೆಯಲ್ಲಿ ಅವರಿಗೆ ಆಹಾರವಾಯಿತು. ಊರು ಉಸಿರು ಬಿಟ್ಟಿತು. ದೀಪಾವಳಿಯ ತನಕ ಅವರು ನಮ್ಮಲ್ಲೇ ಇದ್ದರು. ಅತ್ತೆ ದಿನವೂ ಅಡುಗೆ ಮಾಡಿ ಬಾಗಿಲಲ್ಲಿ ನಿಂತಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಗುರುತು ಸಿಗಲಿಲ್ಲವೋ ಏನೋ, ಅವರಿಗೇ ಗೊತ್ತು.

ಅತ್ತೆ ಆಮೇಲೆಯೂ ಇಪ್ಪತ್ತು ವರ್ಷ ಬದುಕಿದಳು. ಹೀರೇಕಾಯಿ ಬಿಡಲಿಲ್ಲ, ಒಲೆಯನ್ನೂ ಬಿಡಲಿಲ್ಲ. ಬಿಟ್ಟದ್ದು ಇನ್ನೊಂದು. ಯಾರು ಚಲೋ ಆಗಿದೆ ಎಂದರೂ ಆಕೆ ನಂಬುತ್ತಿರಲಿಲ್ಲ. ಉಣ್ಣುವವರ ಎದುರಿಗೆ ಕೂತು ಅವರ ಮುಖವನ್ನೇ ನೋಡುವಳು, ಗಂಟಲು ಇಳಿಯುವುದನ್ನು ನೋಡುವಳು. "ಖರೇ ಹೇಳ" ಎನ್ನುವಳು. ನಾನು ಖರೆಯನ್ನೇ ಹೇಳುತ್ತಿದ್ದೆ, ನಿಜವಾಗಿಯೂ ಅದ್ಭುತವಾಗಿರುತ್ತಿತ್ತು. "ಹಾಂ, ನೀ ಅನ್ನಾಕಿನ" ಎಂದು ಎದ್ದು ಹೋಗುವಳು. ಊರಿಗೆಲ್ಲ ಉಣಿಸಿದ ಕೈಗೆ ತನ್ನ ಮೇಲೆ ನಂಬಿಕೆ ಹೋಯಿತು. ಮಹಾರಾಜರು ನಾಚಿಕೆಪಟ್ಟು ಹೇಳಿ ಹಗುರಾದರು, ಓಣಿಯವರು ತಮ್ಮ ತಮ್ಮ ಪಾಪ ಹೇಳಿ ನಕ್ಕು ಹಗುರಾದರು. ಆಕೆಯ ಭಾರ ಮಾತ್ರ ಇಳಿಯಲಿಲ್ಲ. ನಿನ್ನೆ ಹಿತ್ತಲಲ್ಲಿ ನನ್ನ ಮುಖ ಬಿಸಿಯಾದದ್ದು ಅದಕ್ಕೆ.

ಇಷ್ಟು ಬರೆದು, ಅತ್ತೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡೆನೆಂದು ಸಮಾಧಾನದಿಂದ ಕನ್ನಡಕ ತೆಗೆದೆ. ಅಡುಗೆಮನೆಯಲ್ಲಿ ತಾಟಿನ ಸದ್ದಾಯಿತು. ನನ್ನ ಸೊಸೆ ಸುನಂದಾ ಎಲ್ಲರಿಗೂ ಬಡಿಸಿ, ಮಗನನ್ನು ಶೆಡ್ಡಿಗೆ, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ, ಈಗ ಉಣ್ಣಲು ಕೂಡುತ್ತಿದ್ದಾಳೆ. ಮನೆಗೆ ಯಾರು ಬಂದರೂ ಆಕೆ ನನ್ನ ಬಗ್ಗೆ ಹೇಳುವ ಮಾತೊಂದಿದೆ: "ನಮ್ಮ ಅತ್ತಿ ಒಂದ ದಿನಾನೂ ಊಟಕ್ಕ ಹೆಸರಿಟ್ಟಿಲ್ಲ." ತಪ್ಪು ತೆಗೆದಿಲ್ಲ ಎಂಬ ಆ ಹೊಗಳಿಕೆ ಕೇಳಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಂಡು ದೊಡ್ಡವಳಾಗುತ್ತೇನೆ. ಇವತ್ತು ಬೇಳೆ ತಳ ಹತ್ತಿತ್ತು. ಮಗ ಉಂಡ, ಏನೂ ಅನ್ನಲಿಲ್ಲ. ಮಕ್ಕಳು ಮೊಸರು ಕಲಸಿಕೊಂಡರು. ನಾನು ಹೊಗೆಯ ವಾಸನೆಯ ಜೊತೆಗೇ ನುಂಗಿ, "ಚಲೋ ಆಗೇತಿ" ಎಂದು ಕೈ ತೊಳೆದೆ. ಕೊನೆಗೆ ಉಣ್ಣುವವಳು ಅವಳು. ಎಷ್ಟು ವರ್ಷದಿಂದ ಹೀಗೆ ಒಬ್ಬಳೇ ಕೂತು ತಿಳಿದುಕೊಳ್ಳುತ್ತಿದ್ದಾಳೋ.

ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದೆ. ಸುನಂದಾಳ ಕೈಯಲ್ಲಿ ತುತ್ತಿತ್ತು.

"ತಡಿ, ಉಣ್ಣಬ್ಯಾಡ. ಬ್ಯಾಳಿ ಹತ್ತೇತಿ."

ಸುನಂದಾ ತುತ್ತು ಕೆಳಗಿಟ್ಟು ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ. "ಚಲೋ ಆಗೇತಿ ಅಂದ್ರೆಲ್ರಿ ನೀವು" ಎಂದಳು. ಆಮೇಲೆ ಇನ್ನೂ ಮೆತ್ತಗೆ ಕೇಳಿದಳು: "ಹಂಗಾರ ಇಷ್ಟ ವರ್ಷ ಅಂದದ್ದರಾಗ, ಖರೇ ಯಾವದಿತ್ರಿ ಅತ್ತಿ?"

ನಾನು ಆಕೆಯ ಎದುರಿಗೆ ನೆಲದ ಮೇಲೆ ಕೂತೆ. ಖರೆ ಯಾವುದಿತ್ತೆಂದು ಹುಡುಕಿ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.